ಯಾರ ಕೈಗೆ ಕಾಮಗಾರಿ? ಗುತ್ತಿಗೆದಾರರ ಸಾಮರ್ಥ್ಯ ಅಳೆಯುವ ಬಗೆ

ಬೆಂಗಳೂರಿನ ಈಜಿಪುರದಿಂದ ಕೋರಮಂಗಲದ ಕೇಂದ್ರೀಯ ಸದನದವರೆಗೆ ಎರಡೂವರೆ ಕಿಲೋಮೀಟರ್ ಉದ್ದದ ಮೇಲ್ಸೇತುವೆಯ ಕೆಲಸ ಶುರುವಾದದ್ದು 2017ರಲ್ಲಿ. 2019ರ ಕೊನೆಗೆ ಅದು ಮುಗಿಯಬೇಕಿತ್ತು, ಮುಗಿಯಲಿಲ್ಲ. 2022ರ ಮಾರ್ಚ್‌ನಲ್ಲಿ ಪಾಲಿಕೆ ಗುತ್ತಿಗೆಯನ್ನೇ ರದ್ದು ಮಾಡಿತು. ಉಳಿದ ಕೆಲಸಕ್ಕೆ ಮತ್ತೆ ಮತ್ತೆ ಟೆಂಡರ್ ಕರೆದು, ಹೊಸ ಗುತ್ತಿಗೆದಾರರು ಗೊತ್ತಾಗುವ ಹೊತ್ತಿಗೆ 2023 ಮುಗಿಯುತ್ತ ಬಂದಿತ್ತು. ಅಷ್ಟು ವರ್ಷವೂ ಅರ್ಧ ನಿಂತ ಕಂಬಗಳ ನಡುವೆ ಜನ ಓಡಾಡಿದರು, ರಸ್ತೆಬದಿಯ ಅಂಗಡಿಯವರು ವ್ಯಾಪಾರ ಕಳೆದುಕೊಂಡರು.

ಈ ಪ್ರಕರಣದಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮೊದಲು ಗುತ್ತಿಗೆ ಪಡೆದದ್ದು ಹೆಸರಿಲ್ಲದ ಸಂಸ್ಥೆಯಲ್ಲ. ದೇಶದ ಹಲವೆಡೆ ದೊಡ್ಡ ಕಾಮಗಾರಿ ಮಾಡಿದ್ದ ಹಳೆಯ ಕಂಪನಿ. ಅನುಭವದ ಕಾಗದ ಕೇಳಿದರೆ ಕೊಡಲು ಅದರ ಬಳಿ ಕೊರತೆ ಇರಲಿಲ್ಲ. ವಿಳಂಬಕ್ಕೆ ಯಾರು ಎಷ್ಟು ಹೊಣೆ ಎಂಬ ವಾದ ಏನೇ ಇರಲಿ, ಸಾರ್ವಜನಿಕರ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಇದು: ಟೆಂಡರ್ ತೆರೆದ ದಿನ 'ಅರ್ಹ' ಎಂದು ಬರೆದದ್ದಕ್ಕೂ ಜಾಗದಲ್ಲಿ ಕೆಲಸ ಆಗುವುದಕ್ಕೂ ನಡುವೆ ಇಷ್ಟು ಅಂತರ ಏಕೆ ಉಳಿಯುತ್ತದೆ? ರಸ್ತೆ, ಸೇತುವೆ, ಶಾಲೆ, ಆಸ್ಪತ್ರೆ, ಕಾಲುವೆಗಳಿಗೆ ಸರ್ಕಾರ ವರ್ಷವೂ ಸುರಿಯುವ ಹಣಕ್ಕೆ ಈ ಪ್ರಶ್ನೆಯ ಉತ್ತರವೇ ಕಾವಲು. ಗುತ್ತಿಗೆದಾರರ ಸಾಮರ್ಥ್ಯವನ್ನು ನಾವು ಹೇಗೆ ಅಳೆಯುತ್ತೇವೆ, ಆ ಅಳತೆ ಎಲ್ಲಿ ಸೋಲುತ್ತದೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದನ್ನು ಕರ್ನಾಟಕವನ್ನು ಮುಂದಿಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶ.

ಕಾನೂನಿನ ಚೌಕಟ್ಟು

ಸರ್ಕಾರಿ ಖರೀದಿಗೆ ಪ್ರತ್ಯೇಕ ಕಾನೂನು ಮಾಡಿಕೊಂಡ ರಾಜ್ಯಗಳ ಮುಂಚೂಣಿಯಲ್ಲಿ ಕರ್ನಾಟಕವಿದೆ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಅಂದರೆ ಎಲ್ಲರ ಬಾಯಲ್ಲಿರುವ ಕೆಟಿಪಿಪಿ ಕಾಯ್ದೆ, 1999ರದು. ಅದು ಜಾರಿಗೆ ಬಂದದ್ದು 2000ದ ಅಕ್ಟೋಬರ್‌ನಲ್ಲಿ. ನಿಯಮಗಳೂ ಅದೇ ವರ್ಷದವು. ಸಾಮರ್ಥ್ಯ ಪರೀಕ್ಷೆಗೆ ನಿಯಮಗಳು ಎರಡು ದಾರಿ ತೋರಿಸುತ್ತವೆ. 27ನೇ ನಿಯಮದಂತೆ ಮೊದಲು ಅರ್ಹತೆಯೊಂದನ್ನೇ ಪರಿಶೀಲಿಸಿ, ತೇರ್ಗಡೆಯಾದವರಿಂದ ಮಾತ್ರ ದರ ಕೇಳಬಹುದು. ಇದು ಪೂರ್ವಾರ್ಹತೆಯ ದಾರಿ. 28ನೇ ನಿಯಮದ್ದು ಎರಡು ಲಕೋಟೆಯ ಪದ್ಧತಿ. ಒಂದರಲ್ಲಿ ಅನುಭವ, ವಹಿವಾಟು, ಯಂತ್ರೋಪಕರಣ, ಸಿಬ್ಬಂದಿಯ ವಿವರ, ಇನ್ನೊಂದರಲ್ಲಿ ದರ. ಮೊದಲ ಲಕೋಟೆಯಲ್ಲಿ ಗೆದ್ದವರದ್ದು ಮಾತ್ರ ಎರಡನೆಯದು ತೆರೆಯುತ್ತದೆ. ಕಾಗದದ ಲಕೋಟೆ ಹೋಗಿ ಆನ್‌ಲೈನ್ ಬಂದರೂ, ರಾಜ್ಯದ ಖರೀದಿಗೆ ಈಗಿರುವ ಕೆಪಿಪಿಪಿ ಪೋರ್ಟಲ್‌ನಲ್ಲೂ ತರ್ಕ ಅದೇ. ತಾಂತ್ರಿಕ ಬಿಡ್, ಆರ್ಥಿಕ ಬಿಡ್ ಎಂಬ ಹೆಸರಿನಲ್ಲಿ ಅದು ಮುಂದುವರಿದಿದೆ.

ಏನನ್ನು ಕೇಳಬೇಕು ಎಂಬುದಕ್ಕೆ ರಾಜ್ಯದಲ್ಲಿ ಕೆಡಬ್ಲ್ಯೂ ಸರಣಿಯ ಮಾದರಿ ಟೆಂಡರ್ ದಾಖಲೆಗಳಿವೆ. ಕಾಮಗಾರಿಯ ಮೊತ್ತ ಏರಿದಂತೆ ಷರತ್ತುಗಳೂ ಬಿಗಿಯಾಗುತ್ತವೆ. ಕೇಂದ್ರದ ಮಟ್ಟದಲ್ಲಿ ಬಹುಕಾಲದಿಂದ ದಿಕ್ಸೂಚಿಯಾಗಿರುವುದು ಕೇಂದ್ರ ಜಾಗೃತ ಆಯೋಗ 2002ರ ಡಿಸೆಂಬರ್ 17ರಂದು ಹೊರಡಿಸಿದ ಸುತ್ತೋಲೆ. ಪೂರ್ವಾರ್ಹತೆಯ ಷರತ್ತು ತೀರ ಸಡಿಲವಾದರೆ ಕೈಲಾಗದವರು ಒಳಗೆ ಬರುತ್ತಾರೆ, ತೀರ ಬಿಗಿಯಾದರೆ ಬೇಕಾದ ಒಬ್ಬರಿಗೆ ಮಾತ್ರ ಬಾಗಿಲು ತೆರೆದಂತಾಗುತ್ತದೆ ಎಂಬ ಎಚ್ಚರವೇ ಅದರ ತಿರುಳು. ಎರಡು ದಶಕ ದಾಟಿದರೂ ನಮ್ಮ ಟೆಂಡರ್ ವಿವಾದಗಳೆಲ್ಲ ಈ ಎರಡು ತುದಿಗಳ ನಡುವೆಯೇ ತೂಗಾಡುತ್ತಿವೆ.

ಅನುಭವ: ಮಾಡಿದ್ದು ಯಾರು?

ಅನುಭವದ ಅಳತೆ ಎಲ್ಲಕ್ಕಿಂತ ಹಳೆಯದು. ಜಾಗೃತ ಆಯೋಗದ ಸೂತ್ರದಂತೆ ಕಳೆದ 7 ವರ್ಷಗಳಲ್ಲಿ ಅದೇ ಬಗೆಯ ಕೆಲಸ ಮುಗಿಸಿರಬೇಕು: ಅಂದಾಜು ಮೊತ್ತದ ಶೇ 40ರಷ್ಟು ಬೆಲೆಯ ಮೂರು, ಇಲ್ಲವೇ ಶೇ 50ರಷ್ಟಿನ ಎರಡು, ಇಲ್ಲವೇ ಶೇ 80ರಷ್ಟಿನ ಒಂದು. ಹತ್ತು ಕೋಟಿ ರೂಪಾಯಿಯ ಸೇತುವೆಗೆ ಬರುವವರು ನಾಲ್ಕು ಕೋಟಿಯ ಮೂರನ್ನೋ ಎಂಟು ಕೋಟಿಯ ಒಂದನ್ನೋ ಕಟ್ಟಿರಬೇಕು. ಲೆಕ್ಕ ಸರಳ, ಉದ್ದೇಶ ಒಳ್ಳೆಯದು.

ತೊಡಕು ಇರುವುದು 'ಅದೇ ಬಗೆಯ ಕೆಲಸ' ಎಂಬುದನ್ನು ಬಿಡಿಸಿ ಹೇಳುವಲ್ಲಿ. ಸೇತುವೆ ಎಂದರೆ ಹಳ್ಳಕ್ಕೆ ಹಾಕಿದ ಮೋರಿಯೂ ಸೇತುವೆ, ನದಿಯ ಮೇಲೆ ಪ್ರಿಸ್ಟ್ರೆಸ್ಡ್ ಗರ್ಡರ್ ಕೂರಿಸಿದ್ದೂ ಸೇತುವೆ. ಹಣದ ಮೊತ್ತವೊಂದನ್ನೇ ನೋಡಿದರೆ, ಹತ್ತು ಸಣ್ಣ ಮೋರಿಗಳ ಒಂದು ಪ್ಯಾಕೇಜ್ ಮಾಡಿದವರು ದೊಡ್ಡ ಸೇತುವೆಗೆ ಅರ್ಹರಾಗಿಬಿಡುತ್ತಾರೆ. ಷರತ್ತನ್ನು ಇನ್ನೊಂದು ಕಡೆಗೂ ಎಳೆಯಬಹುದು. ಇಂಥದ್ದೇ ಇಲಾಖೆಯಲ್ಲಿ, ಇಂಥದ್ದೇ ವಿನ್ಯಾಸದ, ಇಷ್ಟೇ ಅಗಲದ ಕೆಲಸ ಎಂದು ಬರೆದರೆ, ಅದನ್ನು ಮಾಡಿದವರು ರಾಜ್ಯದಲ್ಲಿ ಇಬ್ಬರೋ ಮೂವರೋ ಉಳಿಯುತ್ತಾರೆ. ಅರ್ಹತೆಯ ಷರತ್ತು ಹಾಗೆ ಸ್ಪರ್ಧೆಯನ್ನು ಕೊಲ್ಲುವ ಸಾಧನವಾಗುತ್ತದೆ.

ಅದಕ್ಕಿಂತ ಆಳದ ಪ್ರಶ್ನೆ, ಆ ಕೆಲಸವನ್ನು ನಿಜವಾಗಿ ಮಾಡಿದ್ದು ಯಾರು ಎಂಬುದು. ಗುತ್ತಿಗೆ ಒಬ್ಬರ ಹೆಸರಿನಲ್ಲಿ, ಕೆಲಸ ಇನ್ನೊಬ್ಬರ ಕೈಯಲ್ಲಿ ಎನ್ನುವುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ದೊಡ್ಡ ಸಂಸ್ಥೆ ಟೆಂಡರ್ ಹಿಡಿದು ತನ್ನ ಪಾಲು ಇಟ್ಟುಕೊಂಡು ಉಪಗುತ್ತಿಗೆಗೆ ಕೊಡುತ್ತದೆ. ಅವರು ಮತ್ತೆ ತುಂಡು ಗುತ್ತಿಗೆಗೆ ಹಂಚುತ್ತಾರೆ. ಕೊನೆಗೆ ಕಂಬಿ ಕಟ್ಟುವವರು, ಸೆಂಟ್ರಿಂಗ್ ಹೊಡೆಯುವವರು ಯಾರೆಂದು ಎಂಜಿನಿಯರ್‌ಗೂ ಸರಿಯಾಗಿ ತಿಳಿದಿರುವುದಿಲ್ಲ. ಕೆಲಸ ಮುಗಿದಾಗ ಅನುಭವದ ಪ್ರಮಾಣಪತ್ರ ಸಿಗುವುದು ಮೇಲಿನ ಹೆಸರಿಗೆ. ಕೈ ಪಳಗಿದವರಿಗೆ ಕಾಗದವಿಲ್ಲ, ಕಾಗದವಿರುವವರ ಕೈ ಪಳಗಿಲ್ಲ. ಹೀಗೆ ಒಂದರ ಮೇಲೊಂದು ಟೆಂಡರ್‌ಗೆ ಅದೇ ಪ್ರಮಾಣಪತ್ರ ಮೆಟ್ಟಿಲಾಗುತ್ತ ಹೋಗುತ್ತದೆ. ಉಪಗುತ್ತಿಗೆಗೆ ಲಿಖಿತ ಅನುಮತಿ ಬೇಕೆಂಬ ಷರತ್ತು ಒಪ್ಪಂದಗಳಲ್ಲಿ ಇದ್ದೇ ಇದೆ. ಅದನ್ನು ಜಾಗದಲ್ಲಿ ನಿಂತು ಪರಿಶೀಲಿಸಿದರೆ ಮಾತ್ರ ಅದಕ್ಕೆ ಜೀವ ಬರುತ್ತದೆ.

ಪ್ರಮಾಣಪತ್ರವೇ ನಕಲಿಯಾಗಿರುವ ಅಪಾಯವೂ ಉಂಟು. ಲೆಕ್ಕಪರಿಶೋಧಕರ ಪ್ರಮಾಣಪತ್ರಕ್ಕೆ 2019ರಿಂದ ಯುಡಿಐಎನ್ ಎಂಬ ಗುರುತು ಸಂಖ್ಯೆ ಕಡ್ಡಾಯವಾಗಿದೆ. ಆ ಸಂಖ್ಯೆ ಹಾಕಿ ನೋಡಿದರೆ ಕಾಗದ ಅಸಲಿಯೋ ಅಲ್ಲವೋ ಕೂಡಲೇ ತಿಳಿಯುತ್ತದೆ. ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರಕ್ಕೆ ಎಲ್ಲ ಇಲಾಖೆಗಳಿಗೂ ಅನ್ವಯಿಸುವ ಅಂಥದ್ದೇ ಗುರುತು ಸಂಖ್ಯೆ ಬಂದರೆ, ಟೆಂಡರ್ ಪರಿಶೀಲನಾ ಸಮಿತಿ ಮತ್ತೊಂದು ಇಲಾಖೆಗೆ ಪತ್ರ ಬರೆದು ವಾರಗಟ್ಟಲೆ ಕಾಯಬೇಕಿಲ್ಲ.

ಹಣದ ಬಲ: ನಿನ್ನೆಯ ಲೆಕ್ಕ, ಇಂದಿನ ಖಜಾನೆ

ಎರಡನೆಯ ಅಳತೆ ಹಣದ್ದು. ಕಳೆದ ಮೂರು ವರ್ಷಗಳ ಸರಾಸರಿ ವಾರ್ಷಿಕ ವಹಿವಾಟು ಅಂದಾಜು ಮೊತ್ತದ ಶೇ 30ರಷ್ಟಾದರೂ ಇರಬೇಕೆಂಬುದು ಜಾಗೃತ ಆಯೋಗದ ಸೂತ್ರ. ಇದರ ಜೊತೆಗೆ ಬ್ಯಾಂಕಿನ ಸಾಲ್ವೆನ್ಸಿ ಪ್ರಮಾಣಪತ್ರ, ನಗದು ಅಥವಾ ಸಾಲದ ಸೌಲಭ್ಯದ ಖಾತರಿ, ಟೆಂಡರ್ ಜೊತೆ ಇಡುವ ಇಎಂಡಿ ಠೇವಣಿ, ಗೆದ್ದ ಮೇಲೆ ಭದ್ರತಾ ಠೇವಣಿ. ಸರ್ಕಾರದ ಬಿಲ್ ಬರುವವರೆಗೆ ಸಿಮೆಂಟು, ಕಬ್ಬಿಣ, ಡೀಸೆಲ್, ಕೂಲಿಗೆ ಕೈಯಿಂದ ಹಣ ಹಾಕಿ ನಡೆಸಬಲ್ಲರೇ ಎಂದು ತಿಳಿಯುವುದು ಇವೆಲ್ಲದರ ಉದ್ದೇಶ.

ವಹಿವಾಟು ದೊಡ್ಡದಾದ ಮಾತ್ರಕ್ಕೆ ಹಣವಿದೆ ಎಂದರ್ಥವಲ್ಲ. ಇದಕ್ಕೆ ಬ್ರಿಟನ್ನಿನ ಕ್ಯಾರಿಲಿಯನ್ ಕಂಪನಿಗಿಂತ ದೊಡ್ಡ ಪಾಠವಿಲ್ಲ. ಆಸ್ಪತ್ರೆ, ಶಾಲೆ, ರೈಲು, ಜೈಲು ಎಂದು ಸರ್ಕಾರದ ನೂರಾರು ಗುತ್ತಿಗೆ ಹಿಡಿದಿದ್ದ ಆ ಸಂಸ್ಥೆ 2017ರ ಜುಲೈ 10ರಂದು ತನ್ನ ಲಾಭ ಕುಸಿದಿದೆ ಎಂದು ಸಾರಿತು. ಒಂದೇ ವಾರದಲ್ಲಿ, ಪಾಲುದಾರರ ಜೊತೆ ಸೇರಿ, ಅತಿವೇಗದ ರೈಲು ಯೋಜನೆ ಎಚ್‌ಎಸ್2ರ ದೊಡ್ಡ ಗುತ್ತಿಗೆಯೂ ಅದಕ್ಕೆ ಸಿಕ್ಕಿತು. 2018ರ ಜನವರಿ 15ರಂದು ಕಂಪನಿ ಮುಳುಗಿತು. ಆಗ ಅದರ ಕೈಯಲ್ಲಿದ್ದ ನಗದು ಕೇವಲ 2.9 ಕೋಟಿ ಪೌಂಡ್. ಹೊಣೆಗಾರಿಕೆ ಸುಮಾರು 700 ಕೋಟಿ ಪೌಂಡ್. ಕಟ್ಟುತ್ತಿದ್ದ ಎರಡು ದೊಡ್ಡ ಆಸ್ಪತ್ರೆಗಳು ವರ್ಷಗಟ್ಟಲೆ ತಡವಾದವು, ಹಣ ಬರಬೇಕಿದ್ದ ಸಾವಿರಾರು ಸಣ್ಣ ಸರಬರಾಜುದಾರರು ಬೀದಿಗೆ ಬಿದ್ದರು. ನಮ್ಮಲ್ಲಿಯೂ ಅದೇ 2018ರಲ್ಲಿ ಮೂಲಸೌಕರ್ಯಕ್ಕೆ ಹಣ ಒದಗಿಸುತ್ತಿದ್ದ ಐಎಲ್ ಅಂಡ್ ಎಫ್‌ಎಸ್ ಸಮೂಹ ಸಾಲ ತೀರಿಸಲಾಗದೆ ಕುಸಿಯಿತು. ಕುಸಿತಕ್ಕೆ ಸ್ವಲ್ಪ ಮುಂಚಿನವರೆಗೂ ರೇಟಿಂಗ್ ಸಂಸ್ಥೆಗಳು ಅದಕ್ಕೆ ಕೊಟ್ಟಿದ್ದುದು ಎಎಎ ಎಂಬ ಅತ್ಯುನ್ನತ ಶ್ರೇಣಿ.

ಈ ಎರಡು ಕುಸಿತಗಳಿಂದ ಕಲಿಯಬೇಕಾದದ್ದು ಸ್ಪಷ್ಟ. ಲೆಕ್ಕಪತ್ರ ಹೇಳುವುದು ಕಳೆದ ಮಾರ್ಚ್ 31ರ ಸ್ಥಿತಿಯನ್ನು. ಗುತ್ತಿಗೆ ನಡೆಯಬೇಕಾದದ್ದು ಮುಂದಿನ ಎರಡು ಮೂರು ವರ್ಷ. ಆದ್ದರಿಂದ ವಹಿವಾಟಿನ ಜೊತೆಗೆ ಈಗಿನ ಸಾಲದ ಹೊರೆ, ಬ್ಯಾಂಕ್ ಖಾತರಿಗೆ ಉಳಿದಿರುವ ಮಿತಿ, ಕಾರ್ಮಿಕರ ಭವಿಷ್ಯನಿಧಿ ಮತ್ತು ಜಿಎಸ್‌ಟಿ ಸಕಾಲಕ್ಕೆ ಕಟ್ಟಿದ್ದಾರೆಯೇ ಎಂಬುದನ್ನು ನೋಡಬೇಕು. ಭವಿಷ್ಯನಿಧಿಯ ಕಂತು ತಪ್ಪತೊಡಗಿದರೆ ಮುಂದೆ ಕೆಲಸವೂ ನಿಲ್ಲಬಹುದು ಎಂಬ ಎಚ್ಚರಿಕೆ ಅದರಲ್ಲೇ ಇರುತ್ತದೆ.

ಕೈಯಲ್ಲಿರುವ ಹೊರೆ

ಈ ಎಲ್ಲ ಅಳತೆಗಳಲ್ಲಿ ಅತಿ ಬುದ್ಧಿವಂತಿಕೆಯದು ಬಿಡ್ ಕೆಪಾಸಿಟಿ ಎಂಬ ಲೆಕ್ಕ. ಗುತ್ತಿಗೆದಾರರು ಇನ್ನೆಷ್ಟು ಕೆಲಸ ಹೊರಬಲ್ಲರು ಎಂಬುದನ್ನು ಅದು ಹೇಳುತ್ತದೆ. ಕಳೆದ ಐದು ವರ್ಷಗಳ ಪೈಕಿ ಅತಿ ಹೆಚ್ಚು ಕೆಲಸ ಮಾಡಿದ ಒಂದು ವರ್ಷದ ಮೊತ್ತವನ್ನು ಇಂದಿನ ಬೆಲೆಗೆ ಏರಿಸಿ, ಹೊಸ ಕಾಮಗಾರಿಯ ಅವಧಿಯಿಂದ ಗುಣಿಸಿ, ಅದನ್ನು ಒಂದು ನಿಗದಿತ ಅಂಕಿಯಿಂದ ಮತ್ತೆ ಗುಣಿಸಬೇಕು. ಬಂದದ್ದರಲ್ಲಿ, ಆ ಅವಧಿಯಲ್ಲಿ ಮುಗಿಸಬೇಕಾದ ಹಳೆಯ ಕೆಲಸಗಳ ಬಾಕಿ ಮೊತ್ತ ಕಳೆಯಬೇಕು. ಉಳಿದದ್ದೇ ಹೊಸ ಹೊರೆ ಹೊರುವ ಶಕ್ತಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಗುತ್ತಿಗೆದಾರರ ಅತಿ ಹೆಚ್ಚಿನ ವಾರ್ಷಿಕ ಕೆಲಸ 20 ಕೋಟಿ ರೂಪಾಯಿ, ಹೊಸ ಕಾಮಗಾರಿಯ ಅವಧಿ 2 ವರ್ಷ, ನಿಗದಿತ ಅಂಕಿ 1.5 ಎಂದುಕೊಳ್ಳಿ. ಮೂರನ್ನೂ ಗುಣಿಸಿದರೆ 60 ಕೋಟಿ. ಕೈಯಲ್ಲಿ 45 ಕೋಟಿಯ ಕೆಲಸ ಬಾಕಿ ಇದ್ದರೆ ಉಳಿಯುವುದು 15 ಕೋಟಿ. ಹೊಸ ಟೆಂಡರ್ 18 ಕೋಟಿಯದಾದರೆ ಅವರು ಅನರ್ಹರು. ಈಗ ಅವರು ಹತ್ತು ಕೋಟಿಯ ಹಳೆಯ ಕೆಲಸವೊಂದನ್ನು ಪಟ್ಟಿಯಿಂದ ಬಿಟ್ಟರೆ ಉಳಿಕೆ 25 ಕೋಟಿಯಾಗಿ ಅರ್ಹರಾಗಿಬಿಡುತ್ತಾರೆ! ಹೊರೆಯನ್ನು ಮುಚ್ಚಿಡುವ ಆಮಿಷ ಇಡೀ ಸೂತ್ರದ ಹೊಟ್ಟೆಯಲ್ಲೇ ಇದೆ. ಲೋಕೋಪಯೋಗಿ, ನೀರಾವರಿ ನಿಗಮಗಳು, ಪಾಲಿಕೆ, ಪಂಚಾಯತ್ ರಾಜ್, ಪಕ್ಕದ ರಾಜ್ಯ, ಖಾಸಗಿ ಕೆಲಸ ಎಂದು ಗುತ್ತಿಗೆ ಹಲವು ಕಡೆ ಹರಡಿರುವಾಗ, ಗುತ್ತಿಗೆದಾರರೇ ಪ್ರಮಾಣ ಮಾಡಿ ಕೊಟ್ಟ ಪಟ್ಟಿಯನ್ನು ನಂಬುವುದೊಂದೇ ಅಧಿಕಾರಿಗೆ ಉಳಿಯುವ ದಾರಿ.

ಗುಣಿಸುವ ಅಂಕಿಯೂ ಸಣ್ಣ ವಿಷಯವಲ್ಲ. ಕೇಂದ್ರ ಹೆದ್ದಾರಿ ಸಚಿವಾಲಯದ, ವಿನ್ಯಾಸ ಮತ್ತು ನಿರ್ಮಾಣ ಎರಡನ್ನೂ ಒಬ್ಬರಿಗೇ ವಹಿಸುವ ಇಪಿಸಿ ಟೆಂಡರ್‌ಗಳಲ್ಲಿ ಅದು 2.5. ಮೇಲಿನ ಗುತ್ತಿಗೆದಾರರ ಲೆಕ್ಕವನ್ನೇ 2.5ರಿಂದ ಮಾಡಿದರೆ ಉಳಿಕೆ ಶಕ್ತಿ 15ರ ಬದಲು 55 ಕೋಟಿ. ಅದೇ ಜನ, ಅದೇ ಯಂತ್ರ. ಅಂಕಿ ಬದಲಾದೊಡನೆ ಶಕ್ತಿ ಮೂರೂವರೆ ಪಟ್ಟು ಮೀರಿ ಬೆಳೆಯುತ್ತದೆ. ಅಂಕಿಯನ್ನು ಏರಿಸಿದರೆ ಸ್ಪರ್ಧೆ ಹೆಚ್ಚುತ್ತದೆ ಎಂಬುದು ನಿಜ. ಮೈಮೇಲೆ ಹೊರೆ ಹೇರಿಕೊಂಡವರು ಇನ್ನಷ್ಟು ಹೇರಿಕೊಳ್ಳುತ್ತಾರೆ ಎಂಬುದೂ ಅಷ್ಟೇ ನಿಜ.

ಜನ, ಯಂತ್ರ, ಸುರಕ್ಷತೆ

ಯಂತ್ರೋಪಕರಣಗಳ ಪಟ್ಟಿಯಲ್ಲಿ ಹಾಟ್ ಮಿಕ್ಸ್ ಪ್ಲಾಂಟ್, ಪೇವರ್, ರೋಲರ್, ಬ್ಯಾಚಿಂಗ್ ಪ್ಲಾಂಟ್ ಎಲ್ಲವೂ ಇರುತ್ತವೆ. ಸ್ವಂತದ್ದಾದರೆ ಖರೀದಿ ಪತ್ರ, ಬಾಡಿಗೆಯದಾದರೆ ಒಪ್ಪಂದ ಲಗತ್ತಿಸಬೇಕು. ಆದರೆ ಒಂದೇ ಪೇವರ್ ಒಂದೇ ತಿಂಗಳಲ್ಲಿ ಮೂರು ಜಿಲ್ಲೆಗಳ ಟೆಂಡರ್‌ಗಳಲ್ಲಿ ಕಾಣಿಸಿಕೊಂಡರೆ ಹಿಡಿಯುವವರು ಯಾರು? ಹಾಟ್ ಮಿಕ್ಸ್ ಪ್ಲಾಂಟ್ ಕಾಮಗಾರಿಯಿಂದ ತೀರ ದೂರವಿದ್ದರೆ ಡಾಂಬರು ಬರುವ ದಾರಿಯಲ್ಲೇ ತಣ್ಣಗಾಗುತ್ತದೆ, ಆ ರಸ್ತೆ ಮೊದಲ ಮಳೆಗಾಲಕ್ಕೆ ಕಿತ್ತು ಬರುತ್ತದೆ. ಆದ್ದರಿಂದ ಯಂತ್ರ ಇದೆಯೇ ಎಂಬುದರ ಜೊತೆಗೆ ಎಲ್ಲಿದೆ, ಈಗ ಯಾವ ಕೆಲಸದಲ್ಲಿದೆ ಎಂದೂ ಕೇಳಬೇಕು.

ಜನರ ವಿಷಯ ಇನ್ನೂ ಸೂಕ್ಷ್ಮ. ಪಟ್ಟಿಯಲ್ಲಿ ಹೆಸರಿರುವ ಎಂಜಿನಿಯರ್ ಜಾಗದಲ್ಲಿ ಇರದೇ ಹೋದರೆ ಕಾಂಕ್ರೀಟು ಹಾಕುವ ಹೊತ್ತಿನ ತೀರ್ಮಾನ ಮೇಸ್ತ್ರಿಯ ಪಾಲಿಗೆ ಬೀಳುತ್ತದೆ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರ ಬಳಿ ಮೆಟ್ರೊ ಕಂಬಕ್ಕೆ ಕಟ್ಟಿದ್ದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿ, ಬೈಕಿನಲ್ಲಿ ಹೋಗುತ್ತಿದ್ದ ತಾಯಿಯೂ ಪುಟ್ಟ ಮಗುವೂ ಪ್ರಾಣ ಕಳೆದುಕೊಂಡರು. ಅಂಥ ಕಾಮಗಾರಿ ಹಿಡಿಯುವವರು ವಹಿವಾಟಿನಲ್ಲಿ, ಅನುಭವದಲ್ಲಿ ದೊಡ್ಡವರೇ. ಎತ್ತರದ ಚೌಕಟ್ಟಿಗೆ ಆಸರೆ ಸಾಲದೆ ಹೋಗುವುದನ್ನು ಬ್ಯಾಲೆನ್ಸ್ ಶೀಟ್ ಹೇಳುವುದಿಲ್ಲ. ಸುರಕ್ಷತೆಯ ದಾಖಲೆಯನ್ನು ಅರ್ಹತೆಯ ಭಾಗವಾಗಿಸದೆ ಇರುವುದು ನಮ್ಮ ಪದ್ಧತಿಯ ದೊಡ್ಡ ಕೊರತೆ. ಕಟ್ಟುವಾಗ ಎಷ್ಟು ಕಾರ್ಮಿಕರು ಗಾಯಗೊಂಡರು, ಎಷ್ಟು ಮಂದಿ ಸತ್ತರು ಎಂಬ ಪ್ರಶ್ನೆ ಕೇಳದ ಅರ್ಹತಾ ಪಟ್ಟಿ ಅಪೂರ್ಣ.

ಪರೀಕ್ಷೆಯೇ ಇಲ್ಲದ ದಾರಿ

ಪರೀಕ್ಷೆ ಸಡಿಲವಾಗಿರುವುದು ಒಂದು ಸಮಸ್ಯೆ, ಪರೀಕ್ಷೆಯೇ ಇಲ್ಲದಿರುವುದು ಅದಕ್ಕಿಂತ ದೊಡ್ಡದು. 2022ರ ಅಕ್ಟೋಬರ್ 30ರಂದು ಗುಜರಾತಿನ ಮೊರ್ಬಿಯಲ್ಲಿ ಮಚ್ಛು ನದಿಯ ತೂಗುಸೇತುವೆ ಹರಿದುಬಿದ್ದು 135 ಮಂದಿ ಸತ್ತರು. ಆ ಸೇತುವೆಯ ನಿರ್ವಹಣೆ, ದುರಸ್ತಿ ಎರಡನ್ನೂ ನಗರಸಭೆ ಟೆಂಡರ್ ಕರೆಯದೆ ಗಡಿಯಾರ ತಯಾರಿಕೆಗೆ ಹೆಸರಾದ ಕಂಪನಿಯೊಂದಕ್ಕೆ ವಹಿಸಿತ್ತು. ದುರಸ್ತಿಯ ನಂತರ ಸೇತುವೆ ತೆರೆದು ಐದು ದಿನವೂ ಆಗಿರಲಿಲ್ಲ. ಮುಖ್ಯ ಕೇಬಲ್ಲಿನ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವು ಎಂದು ವಿಶೇಷ ತನಿಖಾ ತಂಡ ಹೇಳಿತು. ತೂಗುಸೇತುವೆ ಗೊತ್ತಿರುವ ಒಬ್ಬರನ್ನು ಕೇಳಿದ್ದರೂ ಸಾಕಿತ್ತು, ಆ ತಂತಿಗಳನ್ನು ಮೊದಲು ಬಿಚ್ಚಿ ನೋಡಿ ಎನ್ನುತ್ತಿದ್ದರು.

ಕರ್ನಾಟಕದ ಕಾಯ್ದೆಯಲ್ಲೂ ವಿನಾಯಿತಿಯ ಬಾಗಿಲುಗಳಿವೆ. ನೈಸರ್ಗಿಕ ವಿಪತ್ತಿನ ತುರ್ತಿಗೆ ಅವು ಬೇಕೇ ಬೇಕು. ಪ್ರವಾಹದಲ್ಲಿ ಕೊಚ್ಚಿಹೋದ ರಸ್ತೆಗೆ ಎರಡು ತಿಂಗಳು ಟೆಂಡರ್ ಕಾಯಲಾಗದು. ಆದರೆ 4(ಜಿ) ಕಲಮಿನಡಿ ಸರ್ಕಾರ ತಾನೇ ವಿನಾಯಿತಿ ಕೊಟ್ಟು ಸರ್ಕಾರಿ ಸಂಸ್ಥೆಗಳಿಗೆ ನೇರವಾಗಿ ಕೆಲಸ ವಹಿಸುವಾಗ, ಆ ಸಂಸ್ಥೆ ಅದನ್ನು ಯಾರ ಕೈಯಲ್ಲಿ ಮಾಡಿಸುತ್ತದೆ ಎಂಬುದು ಯಾರ ಅರ್ಹತಾ ಪರೀಕ್ಷೆಗೂ ಒಳಪಡುವುದಿಲ್ಲ. ತುರ್ತು ಅಲ್ಲದ ಕೆಲಸಕ್ಕೆ ಈ ದಾರಿ ಹಿಡಿಯುವುದನ್ನು ನಿಲ್ಲಿಸಲೇಬೇಕು.

ಕೊನೆಗೆ ಉಳಿಯುವುದು ದರ

ಎಷ್ಟೇ ಅಳತೆ ಇಟ್ಟರೂ ಅರ್ಹತೆ ನಮ್ಮಲ್ಲಿ ಪಾಸ್ ಇಲ್ಲವೇ ಫೇಲ್. ಅಂಚಿನಲ್ಲಿ ತೇರ್ಗಡೆಯಾದವರೂ ಅತ್ಯುತ್ತಮರೂ ಎರಡನೆಯ ಲಕೋಟೆಯ ಮುಂದೆ ಸಮಾನರು, ಆಮೇಲೆ ಕಡಿಮೆ ದರದ್ದೇ ಆಟ. ಅಂದಾಜಿಗಿಂತ ಶೇ 25, 30ರಷ್ಟು ಕೆಳಗೆ ದರ ಹಾಕಿದವರು ಸಿಮೆಂಟಿನಲ್ಲೋ ಕಬ್ಬಿಣದಲ್ಲೋ ಉಳಿಸಬೇಕು, ಇಲ್ಲವೇ ಹೆಚ್ಚುವರಿ ಕೆಲಸ ತೋರಿಸಿ ಬಿಲ್ ಏರಿಸಬೇಕು, ಇಲ್ಲವೇ ನಡುವೆ ಬಿಟ್ಟುಹೋಗಬೇಕು. ತೀರ ಕಡಿಮೆ ದರಕ್ಕೆ ಹೆಚ್ಚುವರಿ ಭದ್ರತಾ ಠೇವಣಿ ಕೇಳುವ ಕ್ರಮ ಇದೆ. ಆ ದರದಲ್ಲಿ ಕೆಲಸ ಹೇಗೆ ಮಾಡುತ್ತೀರಿ ಎಂದು ವಿವರವಾದ ದರ ವಿಶ್ಲೇಷಣೆ ಕೇಳಿ, ಒಪ್ಪಿಗೆಯಾಗದಿದ್ದರೆ ತಿರಸ್ಕರಿಸುವ ಧೈರ್ಯ ಬರಬೇಕಾದದ್ದು ಅಧಿಕಾರಿಗಳಿಗೆ. ಕಡಿಮೆ ದರ ಬಿಟ್ಟರೆ ಆಡಿಟ್ ಆಕ್ಷೇಪ, ದೂರು, ತನಿಖೆ ಬರುತ್ತದೆಂಬ ಭಯ ಅವರ ಕೈ ಕಟ್ಟಿದೆ.

ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್ 29ರಂದು ಹೊರಡಿಸಿದ ಸೂಚನೆಗಳು ಇಲ್ಲಿ ಮಹತ್ವದ ಹೆಜ್ಜೆ. ಗುಣಮಟ್ಟವೇ ಮುಖ್ಯವೆಂದು ಘೋಷಿಸಿದ ಕಾಮಗಾರಿಗಳಲ್ಲಿ ಗುಣಕ್ಕೂ ಅಂಕ ಕೊಟ್ಟು ದರದ ಜೊತೆ ಕೂಡಿಸಬಹುದು, ಗುಣದ ತೂಕ ಶೇ 30 ಮೀರಬಾರದು ಎಂದು ಅವು ಹೇಳುತ್ತವೆ. ಅಂಕ ಕೊಡುವಲ್ಲಿ ಪಕ್ಷಪಾತ ನುಸುಳಬಹುದೆಂಬ ಆತಂಕಕ್ಕೆ ಆಧಾರವಿದೆ. ಅದಕ್ಕೆ ಮದ್ದು, ಅಂಕಗಳನ್ನು ಅಭಿಪ್ರಾಯದಿಂದ ಬಿಡಿಸಿ ಹಿಂದಿನ ಕಾಮಗಾರಿಗಳ ಅಳೆದ ದಾಖಲೆಗೆ ಕಟ್ಟುವುದು.

ಬಾಗಿಲು ಮುಚ್ಚುವುದು ಯಾರಿಗೆ?

ಸಾಮರ್ಥ್ಯದ ಹೆಸರಿನಲ್ಲಿ ಸಣ್ಣವರನ್ನು ಹೊರಗಿಡುವ ಅಪಾಯವನ್ನು ಮರೆಯಬಾರದು. ಹತ್ತಾರು ಸಣ್ಣ ಕೆಲಸಗಳನ್ನು ಸೇರಿಸಿ ಪ್ಯಾಕೇಜ್ ಮಾಡಿದಾಗ, ತಾಲ್ಲೂಕಿನಲ್ಲಿ ಮೂವತ್ತು ವರ್ಷ ರಸ್ತೆ, ಚರಂಡಿ ಮಾಡಿದವರು ಮೊತ್ತದ ಷರತ್ತಿಗೆ ಸೋಲುತ್ತಾರೆ. ಹೊರಗಿನ ದೊಡ್ಡ ಸಂಸ್ಥೆ ಗೆದ್ದು ಅವರಿಗೇ ಉಪಗುತ್ತಿಗೆ ಕೊಡುತ್ತದೆ. ಅವರು ಮಾಡುವ ಕೆಲಸ ಮೊದಲಿನದೇ, ಕೈಗೆ ಬರುವ ಹಣ ಮಾತ್ರ ಕಡಿಮೆ. ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95ರಷ್ಟು ಕಾಮಗಾರಿಗಳನ್ನು ನಿಗದಿತ ಮೊತ್ತದವರೆಗೆ ಮೀಸಲಿಟ್ಟ ಕರ್ನಾಟಕದ ತಿದ್ದುಪಡಿ ಹೊಸಬರಿಗೆ ಬಾಗಿಲು ತೆರೆಯುವ ಪ್ರಯತ್ನ. ಆ ಬಾಗಿಲಿನಿಂದ ಬಂದವರು ಮೇಲೇರಬೇಕಾದರೆ ಅವರ ಹೆಸರಿನಲ್ಲಿ ಬೇರೆಯವರು ಕೆಲಸ ಮಾಡುವುದು ನಿಲ್ಲಬೇಕು, ಬ್ಯಾಂಕ್ ಸಾಲ, ಯಂತ್ರದ ಬಾಡಿಗೆ, ತರಬೇತಿ ಅವರಿಗೆ ಸಿಗಬೇಕು. ಸಾಮರ್ಥ್ಯ ಅಳೆಯುವ ಸರ್ಕಾರಕ್ಕೆ ಸಾಮರ್ಥ್ಯ ಬೆಳೆಸುವ ಹೊಣೆಯೂ ಇದೆ.

ಶಿಕ್ಷೆಗೂ ಮಿತಿಯಿದೆ. ಕಪ್ಪುಪಟ್ಟಿಗೆ ಸೇರಿಸುವ ಮುನ್ನ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಎರುಸಿಯನ್ ಇಕ್ವಿಪ್‌ಮೆಂಟ್ ಪ್ರಕರಣದಲ್ಲಿ ಹೇಳಿತು. ಶಾಶ್ವತ ನಿಷೇಧ ಸಲ್ಲದು, ಅವಧಿ ತಪ್ಪಿನ ತೂಕಕ್ಕೆ ತಕ್ಕಂತಿರಬೇಕು ಎಂದು 2013ರ ಕುಲ್ಜಾ ಇಂಡಸ್ಟ್ರೀಸ್ ತೀರ್ಪು ಹೇಳಿತು. ನಮ್ಮಲ್ಲಿ ಒಂದು ಇಲಾಖೆ ಹೊರಗಿಟ್ಟವರು ಇನ್ನೊಂದರಲ್ಲಿ, ಒಂದು ಕಂಪನಿ ಮುಚ್ಚಿ ಮನೆಯವರ ಹೆಸರಿನ ಇನ್ನೊಂದರಲ್ಲಿ ಬರುತ್ತಾರೆ. ಒಂದು ಕಡೆ ಅತಿ ಕಠಿಣ, ಇನ್ನೊಂದು ಕಡೆ ಪೂರ್ತಿ ಕುರುಡು ಎಂಬ ಈ ಸ್ಥಿತಿ ಪ್ರಾಮಾಣಿಕರಿಗೂ ಅನ್ಯಾಯ.

ಹೊರಗಿನಿಂದ ಕಲಿಯುವುದು

ಸಿಂಗಪುರ ಕಟ್ಟಡ ಗುಣಮಟ್ಟಕ್ಕೆ ಅಂಕ ಕೊಡುವ ಕಾನ್‌ಕ್ವಾಸ್ ಪದ್ಧತಿಯನ್ನು 1989ರಲ್ಲೇ ತಂದಿತು. ಮುಗಿದ ಕಟ್ಟಡವನ್ನು ಸ್ವತಂತ್ರ ಪರಿಶೀಲಕರು ಅಳೆದು ಅಂಕ ಹಾಕುತ್ತಾರೆ. ಅಲ್ಲಿನ ನೋಂದಣಿ ವ್ಯವಸ್ಥೆ ಬಂಡವಾಳ, ಸಿಬ್ಬಂದಿ, ಹಿಂದಿನ ಕೆಲಸ ನೋಡಿ ಶ್ರೇಣಿ ಕೊಡುತ್ತದೆ. ಶ್ರೇಣಿಗೆ ತಕ್ಕ ಟೆಂಡರ್ ಮಿತಿ. ಸುರಕ್ಷತಾ ನಿಯಮ ಮುರಿದು 25 ಕಪ್ಪು ಅಂಕ ತುಂಬಿದವರು 2024ರ ಏಪ್ರಿಲ್‌ನಿಂದ ಅಲ್ಲಿನ ಸರ್ಕಾರಿ ಕಟ್ಟಡ ಟೆಂಡರ್‌ಗಳಿಗೆ ತಾತ್ಕಾಲಿಕವಾಗಿ ಅನರ್ಹರು. ಕ್ಯಾರಿಲಿಯನ್ ಪಾಠ ಕಲಿತ ಬ್ರಿಟನ್ 2019ರ ಸೆಪ್ಟೆಂಬರ್‌ನಿಂದ, ವರ್ಷಕ್ಕೆ 50 ಲಕ್ಷ ಪೌಂಡ್ ಮೀರಿದ ಕೇಂದ್ರ ಸರ್ಕಾರದ ಗುತ್ತಿಗೆಗೆ ಬರುವವರು ತಮ್ಮ ಸರಬರಾಜುದಾರರಿಗೆ ಸಕಾಲಕ್ಕೆ ಹಣ ಕೊಡುತ್ತಾರೆಯೇ ಎಂಬುದನ್ನೂ ಅಳೆಯುತ್ತಿದೆ.

ಸ್ವದೇಶದಲ್ಲೇ ಒಳ್ಳೆಯ ಮಾದರಿಯಿದೆ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಮಾಡಿದವರೇ ಐದು ವರ್ಷ ನಿರ್ವಹಣೆಯನ್ನೂ ಹೊರಬೇಕು. ಗುಣ ನೋಡಲು ಮೂರು ಹಂತದ ತಪಾಸಣೆ, ಅದರಲ್ಲಿ ಹೊರಗಿನಿಂದ ಬರುವ ರಾಷ್ಟ್ರೀಯ ಪರಿವೀಕ್ಷಕರೂ ಇದ್ದಾರೆ. ಐದು ವರ್ಷ ತಾನೇ ಕಾಯಬೇಕೆಂದು ಗೊತ್ತಿದ್ದರೆ ರೋಲರ್ ಇನ್ನೆರಡು ಸಲ ಓಡುತ್ತದೆ.

ಕೆಲಸ ಕೊಡುವವರ ಸಾಮರ್ಥ್ಯ

ಇಷ್ಟೆಲ್ಲ ಗುತ್ತಿಗೆದಾರರನ್ನು ಪರೀಕ್ಷಿಸಿದ ಮೇಲೆ ಸರ್ಕಾರ ತನ್ನನ್ನೂ ಪರೀಕ್ಷಿಸಿಕೊಳ್ಳಬೇಕು. ಭೂಮಿ ಕೈಗೆ ಬರುವ ಮುಂಚೆ ಟೆಂಡರ್, ಮಣ್ಣು ಪರೀಕ್ಷಿಸದೆ ಅಂದಾಜು, ಬಜೆಟ್ ಇಲ್ಲದೆ ಕಾರ್ಯಾದೇಶ, ವರ್ಷಗಟ್ಟಲೆ ಬಿಲ್ ಬಾಕಿ: ಇವುಗಳ ಮುಂದೆ ಎಷ್ಟು ಸಮರ್ಥರೂ ಸೋಲುತ್ತಾರೆ. ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಶೇ 40ರಷ್ಟು ಕಮಿಷನ್ ಆರೋಪ ಮಾಡಿತು. 2022ರಲ್ಲಿ ಸರ್ಕಾರ 50 ಕೋಟಿ ಮೀರಿದ ಟೆಂಡರ್‌ಗಳ ಪರಿಶೀಲನೆಗೆ ನಿವೃತ್ತ ನ್ಯಾಯಮೂರ್ತಿಯ ನೇತೃತ್ವದ ಸಮಿತಿ ರಚಿಸಿತು; 2023ರಲ್ಲಿ ಆರೋಪಗಳ ವಿಚಾರಣೆಗೆ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಬಂತು. ಆರೋಪದ ಸತ್ಯಾಸತ್ಯ ಒಂದು ಕಡೆ ಇರಲಿ. ಬಿಲ್ಲಿಗೆ ಲಂಚ ಕೊಡಬೇಕಾದ, ಬಾಕಿಗೆ ಬಡ್ಡಿ ಕಟ್ಟಬೇಕಾದ ಕ್ಷೇತ್ರದಲ್ಲಿ ಒಳ್ಳೆಯ ಸಂಸ್ಥೆಗಳು ಟೆಂಡರ್ ಹಾಕುವುದನ್ನೇ ಬಿಡುತ್ತವೆ. ಅವು ಬಾರದೇ ಹೋದಾಗ ಉಳಿದವರಲ್ಲಿ ಅರ್ಹರನ್ನು ಹುಡುಕುವುದಷ್ಟೇ ಅರ್ಹತಾ ಪರೀಕ್ಷೆಯ ಕೆಲಸವಾಗುತ್ತದೆ.

ಏನಾಗಬೇಕು

ಈ ಸಮೀಕ್ಷೆಯಿಂದ ಹೊರಡುವ ಮಾತು ಒಂದೇ. ನಮ್ಮ ಪದ್ಧತಿ ಗುತ್ತಿಗೆದಾರರ ಗಾತ್ರ ಅಳೆಯುತ್ತದೆ, ನಡತೆ ಅಳೆಯುವುದಿಲ್ಲ. ಹಿಂದೆ ಎಷ್ಟು ಕೋಟಿಯ ಕೆಲಸ ಮಾಡಿದಿರಿ ಎಂದು ಕೇಳುತ್ತದೆ. ಅದು ಸಕಾಲಕ್ಕೆ ಮುಗಿಯಿತೇ, ಐದು ವರ್ಷ ನಿಂತಿತೇ, ಕಾರ್ಮಿಕರು ಸುರಕ್ಷಿತವಾಗಿ ಮನೆಗೆ ಹೋದರೇ ಎಂದು ಕೇಳುವುದಿಲ್ಲ.

ಇದನ್ನು ತಿದ್ದಲು ಕಾಯ್ದೆ ಬದಲಿಸಬೇಕಿಲ್ಲ. ಪ್ರತಿ ಸರ್ಕಾರಿ ಕಾಮಗಾರಿಗೂ ಗುರುತು ಸಂಖ್ಯೆ ಕೊಟ್ಟು, ಬಾಕಿ ಹೊರೆಯನ್ನು ಕೆಪಿಪಿಪಿ ಪೋರ್ಟಲ್ಲೇ ಲೆಕ್ಕ ಹಾಕುವಂತಾಗಲಿ. ಪ್ರಮಾಣಪತ್ರ ಕೊಡುವವರು ಹೊರೆಯನ್ನು ಮುಚ್ಚಿಡಲು ಆಗದಂತಾಗಲಿ. ಕೆಲಸ ಮುಗಿದಾಗ ಒಮ್ಮೆ, ದೋಷ ನಿವಾರಣಾ ಅವಧಿ ಕಳೆದಾಗ ಒಮ್ಮೆ ಸಮಯ, ಗುಣ, ಸುರಕ್ಷತೆಗೆ ಅಂಕ ಬೀಳಲಿ. ಆ ಅಂಕವನ್ನು ಗುತ್ತಿಗೆದಾರರು ಪ್ರಶ್ನಿಸಲು ಅವಕಾಶವಿರಲಿ, ಅಂತಿಮವಾದ ಮೇಲೆ ಎಲ್ಲರೂ ನೋಡುವಂತಿರಲಿ. ಉಪಗುತ್ತಿಗೆದಾರರ ಹೆಸರೂ ದಾಖಲಾಗಲಿ, ಮಾಡಿದವರಿಗೆ ಅನುಭವ ಸಲ್ಲಲಿ. ಅದೇ ಪುಟದಲ್ಲಿ ಇಲಾಖೆ ಭೂಮಿ ಕೊಟ್ಟ ದಿನಾಂಕ, ಬಿಲ್ ಪಾವತಿಸಿದ ದಿನಾಂಕವೂ ಇರಲಿ. ಹೀಗಾದರೆ ಈಜಿಪುರದಂಥ ಕಾಮಗಾರಿ ನಿಂತಾಗ ಯಾರಿಂದ ನಿಂತಿತೆಂದು ಜನ ಊಹಿಸಬೇಕಿಲ್ಲ, ಮುಂದಿನ ಟೆಂಡರ್ ತೆರೆಯುವ ಅಧಿಕಾರಿಯೂ ಹೆದರಬೇಕಿಲ್ಲ. ಕಡಿಮೆ ದರದವರನ್ನು ಏಕೆ ಬಿಟ್ಟಿರಿ ಎಂದು ಆಡಿಟ್ ಕೇಳಿದರೆ, ಅಳೆದ ದಾಖಲೆಯೇ ಅವರ ಪರವಾಗಿ ಉತ್ತರಿಸುತ್ತದೆ.